ಡಿಎಚ್‌ಸಿಪಿ: ಸಾಧನಗಳಿಗೆ ಐಪಿ ವಿಳಾಸ ತಾನಾಗಿ ಸಿಗುವಂತೆ ಮಾಡುವ ಕ್ರಮ, ಸಿಗದಿದ್ದಾಗ ದೋಷ ಹುಡುಕುವ ಕ್ರಮ

ಜಾಲದ ಪ್ರತಿ ಸಾಧನಕ್ಕೂ ಐಪಿ ವಿಳಾಸ ಎಂಬ ಗುರುತು ಸಂಖ್ಯೆ ಬೇಕು. ಅದನ್ನು ತಾನಾಗಿ ಹಂಚುವ ಪದ್ಧತಿ ಡಿಎಚ್‌ಸಿಪಿ, ಹಂಚುವ ತಂತ್ರಾಂಶವೇ ಡಿಎಚ್‌ಸಿಪಿ ಸರ್ವರ್; ಅದು ಸಾಮಾನ್ಯವಾಗಿ ರೂಟರ್‌ನೊಳಗೇ ಇರುತ್ತದೆ. ಹೊಸ ರೂಟರ್ ಹಾಕಿದ ಮೇಲೆ ಪ್ರಿಂಟರ್ ಕಾಣೆಯಾಗುತ್ತದೆ. ಎರಡನೆಯ ರೂಟರ್ ಸೇರಿಸಿದ ಮೇಲೆ ಅರ್ಧದಷ್ಟು ಸಾಧನಗಳಿಗೆ ಮಾತ್ರ ಇಂಟರ್‌ನೆಟ್ ಬರುತ್ತದೆ. ಫೋನು ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂಬಲ್ಲೇ ನಿಂತುಬಿಡುತ್ತದೆ. ಈ ಮೂರೂ ದೂರುಗಳು ಪದೇ ಪದೇ ಬರುತ್ತಿರುತ್ತವೆ, ಮತ್ತು ಮೂರರಲ್ಲೂ ತಪ್ಪು ಸಾಮಾನ್ಯವಾಗಿ ಸೆಟ್ಟಿಂಗ್‌ನ ಮೌಲ್ಯಗಳಿಗಿಂತ ಅವುಗಳನ್ನು ಬದಲಿಸಿದ ಕ್ರಮದಲ್ಲಿರುತ್ತದೆ. ವಿಳಾಸಗಳ ಲೆಕ್ಕ ಹಾಕದೆ ಸರ್ವರ್ ಚಾಲೂ ಮಾಡುವುದು, ಹಳೆಯ ಸರ್ವರ್ ನಿಲ್ಲಿಸದೆ ಹೊಸದನ್ನು ಜೋಡಿಸುವುದು, ಸಾಧನಕ್ಕೆ ಸಿಕ್ಕ ವಿಳಾಸ ಯಾವುದೆಂದು ನೋಡದೆಯೇ ಎಲ್ಲವನ್ನೂ ರೀಸ್ಟಾರ್ಟ್ ಮಾಡುವುದು: ಈ ಮೂರನ್ನು ಮಾಡದಿದ್ದರೆ ಕೆಲಸದ ಬಹುಪಾಲು ಸಲೀಸಾಗುತ್ತದೆ. ಮನೆ ಅಥವಾ ಸಣ್ಣ ಕಚೇರಿಯ ಜಾಲವನ್ನು ನೋಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ದೊಡ್ಡ ಜಾಲಕ್ಕೆ ಬೇಕಾದ ಎರಡು ವಿಷಯಗಳು ಕೊನೆಯ ಭಾಗದಲ್ಲಿವೆ.

ಕೈಯಲ್ಲಿ ಇರಬೇಕಾದವು

ರೂಟರ್‌ನ ಆಡಳಿತ ಪುಟಕ್ಕೆ ಹೋಗುವ ಪಾಸ್‌ವರ್ಡ್, ಒಂದು ಲ್ಯಾಪ್‌ಟಾಪ್, ಮತ್ತು ಕೆಲಸ ಮಾಡುತ್ತದೆಂದು ಖಾತ್ರಿಯಿರುವ ಒಂದು ನೆಟ್‌ವರ್ಕ್ ಕೇಬಲ್ ಬೇಕು. ವೈಫೈ ಮೂಲಕವೇ ಕುಳಿತು ವಿಳಾಸದ ಸೆಟ್ಟಿಂಗ್ ಬದಲಿಸಲು ಹೋಗಬೇಡಿ. ಮಧ್ಯದಲ್ಲಿ ಸಂಪರ್ಕ ಕಡಿದರೆ ದೋಷ ವೈಫೈನದೋ ವಿಳಾಸದ್ದೋ ಎಂದು ಹೇಳಲಾಗುವುದಿಲ್ಲ. ಇದರೊಂದಿಗೆ ರೂಟರ್‌ನ ಈಗಿನ ಸೆಟ್ಟಿಂಗ್‌ನ ಬ್ಯಾಕಪ್ ಫೈಲನ್ನು ಇಳಿಸಿಕೊಳ್ಳಿ. ಬಹುತೇಕ ರೂಟರ್‌ಗಳಲ್ಲಿ ಈ ಸೌಲಭ್ಯ ಇರುತ್ತದೆ, ಬಳಸುವವರು ಕಡಿಮೆ. ಪ್ಯಾಕೆಟ್‌ಗಳನ್ನೇ (ಜಾಲದಲ್ಲಿ ಹರಿಯುವ ದತ್ತಾಂಶದ ತುಣುಕುಗಳನ್ನೇ) ನೋಡಬೇಕಾದ ಸಂದರ್ಭಕ್ಕೆ ವೈರ್‌ಶಾರ್ಕ್ ತಂತ್ರಾಂಶವನ್ನು ಮೊದಲೇ ಸ್ಥಾಪಿಸಿಟ್ಟರೆ ಒಳ್ಳೆಯದು, ಏಕೆಂದರೆ ಜಾಲ ಕೆಟ್ಟ ಮೇಲೆ ಅದನ್ನು ಇಳಿಸಿಕೊಳ್ಳುವುದು ಹೇಗೆ?

ಹಂತ 1: ನಾಲ್ಕು ಸಂದೇಶಗಳ ವಿನಿಮಯವನ್ನು ತಿಳಿಯಿರಿ

ಜಾಲಕ್ಕೆ ಆಗಷ್ಟೇ ಸೇರಿದ ಸಾಧನಕ್ಕೆ ತನ್ನ ವಿಳಾಸವೂ ಗೊತ್ತಿಲ್ಲ, ಸರ್ವರ್‌ನ ವಿಳಾಸವೂ ಗೊತ್ತಿಲ್ಲ. ಆದ್ದರಿಂದ ಅದು 0.0.0.0 ಎಂಬ ವಿಳಾಸದಿಂದ 255.255.255.255 ಎಂಬ ವಿಳಾಸಕ್ಕೆ, ಅಂದರೆ ಆ ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ, ‘ಡಿಸ್ಕವರ್’ ಸಂದೇಶವನ್ನು ಕಳುಹಿಸುತ್ತದೆ. ಅದನ್ನು ಕೇಳಿಸಿಕೊಂಡ ಸರ್ವರ್ ಒಂದು ವಿಳಾಸವನ್ನು ಮುಂದಿಟ್ಟು ‘ಆಫರ್’ ಕಳುಹಿಸುತ್ತದೆ. ಸಾಧನವು ಆ ವಿಳಾಸವೇ ತನಗೆ ಬೇಕೆಂದು ‘ರಿಕ್ವೆಸ್ಟ್’ ಕಳುಹಿಸುತ್ತದೆ, ಸರ್ವರ್ ‘ಅಕ್’ ಸಂದೇಶದ ಮೂಲಕ ಒಪ್ಪಿಗೆ ಕೊಡುತ್ತದೆ. ಸರ್ವರ್ ಯುಡಿಪಿ ಎಂಬ ಸಂದೇಶ ವಿಧಾನದ ಪೋರ್ಟ್ 67ರಲ್ಲಿ (ಇಲ್ಲಿ ಪೋರ್ಟ್ ಎಂದರೆ ಸಂದೇಶ ಯಾವ ಸೇವೆಗೆಂದು ಹೇಳುವ ಸಂಖ್ಯೆ) ಕಿವಿಗೊಟ್ಟಿರುತ್ತದೆ, ಸಾಧನ ಪೋರ್ಟ್ 68ರಲ್ಲಿ.

ಇಲ್ಲಿ ಎರಡು ವಿವರಗಳು ಮುಂದೆ ಬಹಳ ಕೆಲಸಕ್ಕೆ ಬರುತ್ತವೆ. ಮೊದಲನೆಯದು, ರಿಕ್ವೆಸ್ಟ್ ಸಂದೇಶವೂ ಎಲ್ಲರಿಗೂ ಕೇಳುವಂತೆಯೇ ಹೋಗುತ್ತದೆ. ಬೇರೊಂದು ಸರ್ವರ್ ಕೂಡ ಆಫರ್ ಕೊಟ್ಟಿದ್ದರೆ ಅದು ತನ್ನ ವಿಳಾಸವನ್ನು ಹಿಂದಕ್ಕೆ ತೆಗೆದುಕೊಳ್ಳಲಿ ಎಂಬುದಕ್ಕಾಗಿ. ಅಂದರೆ ಒಂದೇ ಜಾಲದಲ್ಲಿ ಎರಡು ಸರ್ವರ್‌ಗಳಿದ್ದರೂ ಯಾವ ಎಚ್ಚರಿಕೆಯೂ ಬರುವುದಿಲ್ಲ, ಸಾಮಾನ್ಯವಾಗಿ ಯಾರ ಆಫರ್ ಮೊದಲು ತಲುಪಿತೋ ಅವರದೇ ವಿಳಾಸ. ಎರಡನೆಯದು, ಒಮ್ಮೆ ವಿಳಾಸ ಪಡೆದಿದ್ದ ಸಾಧನವು ಮತ್ತೆ ಚಾಲೂ ಆದಾಗ ಸಾಮಾನ್ಯವಾಗಿ ಡಿಸ್ಕವರ್ ಅನ್ನು ಬಿಟ್ಟು, ಹಳೆಯ ವಿಳಾಸವನ್ನೇ ನೇರವಾಗಿ ರಿಕ್ವೆಸ್ಟ್ ಮೂಲಕ ಕೇಳುತ್ತದೆ. ಆ ವಿಳಾಸ ಈ ಜಾಲಕ್ಕೆ ಸೇರಿದ್ದಲ್ಲದಿದ್ದರೆ ಸರ್ವರ್ ‘ನ್ಯಾಕ್’ ಎಂಬ ನಿರಾಕರಣೆ ಕಳುಹಿಸುತ್ತದೆ, ಆಗಷ್ಟೇ ಸಾಧನ ಮೊದಲಿನಿಂದ ಶುರುಮಾಡುತ್ತದೆ. ಸೆಟ್ಟಿಂಗ್ ಬದಲಿಸಿದರೂ ಲ್ಯಾಪ್‌ಟಾಪ್ ಹಳೆಯ ವಿಳಾಸವನ್ನೇ ಹಿಡಿದು ಕೂರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಹಂತ 2: ವಿಳಾಸಗಳ ಹಂಚಿಕೆಯನ್ನು ಮೊದಲು ಕಾಗದದ ಮೇಲೆ ಮಾಡಿ

ಖಾಸಗಿ ಜಾಲಗಳಿಗೆಂದು ಮೀಸಲಿಟ್ಟ ವಿಳಾಸಗಳು ಮೂರು ಗುಂಪಿನವು: 10ರಿಂದ ಆರಂಭವಾಗುವ ಎಲ್ಲವೂ, 172.16ರಿಂದ 172.31ರವರೆಗಿನವು, ಮತ್ತು 192.168ರಿಂದ ಆರಂಭವಾಗುವವು. ಸಬ್‌ನೆಟ್ ಮಾಸ್ಕ್ (ವಿಳಾಸದ ಯಾವ ಭಾಗ ಜಾಲದ್ದು, ಯಾವುದು ಸಾಧನದ್ದು ಎಂದು ಹೇಳುವ ಸಂಖ್ಯೆ) 255.255.255.0 ಎಂದಿದ್ದರೆ ಒಂದು ಜಾಲದಲ್ಲಿ 254 ಸಾಧನಗಳಿಗೆ ಜಾಗವಿರುತ್ತದೆ. ಸಣ್ಣ ಜಾಲಕ್ಕೆ ಇದು ಧಾರಾಳವಾಯಿತು.

ಈ 254 ವಿಳಾಸಗಳನ್ನು ಭಾಗಗಳಾಗಿ ವಿಂಗಡಿಸಿ. ಉದಾಹರಣೆಗೆ ಜಾಲ 192.168.1.0 ಆಗಿದ್ದರೆ, ಕೊನೆಯ ಸಂಖ್ಯೆ 1 ರೂಟರ್‌ಗೆ, 2ರಿಂದ 49ರವರೆಗೆ ಕೈಯಾರೆ ವಿಳಾಸ ಕೊಡುವ ಸ್ವಿಚ್ (ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ), ಆಕ್ಸೆಸ್ ಪಾಯಿಂಟ್ (ವೈಫೈ ಕೊಡುವ ಪೆಟ್ಟಿಗೆ), ಕಡತ ಸರ್ವರ್ ಮೊದಲಾದವುಗಳಿಗೆ, 50ರಿಂದ 99ರವರೆಗೆ ಕಾಯ್ದಿರಿಸಿದ ವಿಳಾಸಗಳಿಗೆ, 100ರಿಂದ 199ರವರೆಗೆ ಸರ್ವರ್ ತಾನಾಗಿ ಹಂಚುವ ಪೂಲ್‌ಗೆ. ಉಳಿದವು ಖಾಲಿ ಇರಲಿ. ಪೂಲ್ ಹಿಗ್ಗಿಸಬೇಕಾಗಿ ಬಂದಾಗ ಅವು ಬೇಕಾಗುತ್ತವೆ.

ಅತ್ಯಂತ ಸಾಮಾನ್ಯವಾದ ತಪ್ಪು ಆಗುವುದು ಇಲ್ಲಿಯೇ. ರೂಟರ್‌ನ ಪೂಲ್ 2ರಿಂದ 254ರವರೆಗೆ ಇದ್ದ ಹಾಗೆಯೇ ಬಿಟ್ಟು, ಪ್ರಿಂಟರ್‌ಗೆ ಕೈಯಾರೆ 192.168.1.20 ಎಂದು ಕೊಟ್ಟುಬಿಡುತ್ತಾರೆ. ಪ್ರಿಂಟರ್ ಚಾಲೂ ಇರುವಷ್ಟು ಹೊತ್ತು ತೊಂದರೆ ಕಾಣದಿರಬಹುದು. ಅದು ಆಫ್ ಆಗಿದ್ದ ವೇಳೆಯಲ್ಲಿ ಸರ್ವರ್ ಅದೇ 20ನ್ನು ಯಾವುದೋ ಫೋನಿಗೆ ಕೊಟ್ಟರೆ, ಮರುದಿನ ಎರಡೂ ಒಂದೇ ವಿಳಾಸಕ್ಕಾಗಿ ಕಾದಾಡುತ್ತವೆ, ಮುದ್ರಣ ಆಗೊಮ್ಮೆ ಈಗೊಮ್ಮೆ ನಡೆಯುತ್ತದೆ. ಕೈಯಾರೆ ಕೊಟ್ಟ ವಿಳಾಸ ಪೂಲ್‌ನೊಳಗೆ ಎಂದಿಗೂ ಇರಬಾರದು.

ಹಂತ 3: ಜಾಲದಲ್ಲಿ ಒಂದೇ ಸರ್ವರ್ ಉಳಿಯುವಂತೆ ಮಾಡಿ

ವೈಫೈ ದೂರದವರೆಗೆ ಸಿಗಲೆಂದು ಎರಡನೆಯ ರೂಟರ್ ಸೇರಿಸುವವರು ಈ ಹಂತವನ್ನು ನಿಧಾನವಾಗಿ ಓದಬೇಕು. ಹೊಸ ರೂಟರ್ ಪೆಟ್ಟಿಗೆಯಿಂದ ಹೊರಬರುವಾಗಲೇ ಡಿಎಚ್‌ಸಿಪಿ ಸರ್ವರ್ ಚಾಲೂ ಇರುತ್ತದೆ, ಮತ್ತು ಅದರ ವಿಳಾಸವೂ ಹಲವು ಬಾರಿ ಮೊದಲ ರೂಟರ್‌ನದ್ದೇ ಆಗಿರುತ್ತದೆ. ಅದನ್ನು ಹಾಗೆಯೇ ಜೋಡಿಸಿದ ಕ್ಷಣದಿಂದ ಜಾಲದಲ್ಲಿ ಇಬ್ಬರು ಯಜಮಾನರು.

ಮಾಡಬೇಕಾದ ಕ್ರಮ ಹೀಗಿದೆ. ಹೊಸ ರೂಟರನ್ನು ಜಾಲಕ್ಕೆ ಸೇರಿಸದೆ, ಲ್ಯಾಪ್‌ಟಾಪ್‌ಗೆ ಮಾತ್ರ ಕೇಬಲ್‌ನಿಂದ ಜೋಡಿಸಿ. ಮೊದಲು ಅದರ ಲ್ಯಾನ್ (ಒಳಜಾಲದ) ವಿಳಾಸವನ್ನು ನಿಮ್ಮ ಪಟ್ಟಿಯಲ್ಲಿರುವ ಖಾಲಿ ವಿಳಾಸಕ್ಕೆ, ಉದಾಹರಣೆಗೆ 192.168.1.2ಕ್ಕೆ ಬದಲಿಸಿ, ಆ ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ. ಆ ನಂತರ ಡಿಎಚ್‌ಸಿಪಿ ಸರ್ವರ್ ನಿಲ್ಲಿಸಿ. ಈ ಎರಡನ್ನು ಅದಲುಬದಲು ಮಾಡಿದರೆ, ಅಂದರೆ ಸರ್ವರನ್ನು ಮೊದಲು ನಿಲ್ಲಿಸಿದರೆ, ಲ್ಯಾಪ್‌ಟಾಪ್‌ಗೆ ಮತ್ತೆ ವಿಳಾಸ ಸಿಗದೆ ಆಡಳಿತ ಪುಟದಿಂದ ಹೊರಬೀಳುವ ಸಾಧ್ಯತೆ ಇದೆ. ಆಗ ಲ್ಯಾಪ್‌ಟಾಪ್‌ಗೆ ಕೈಯಾರೆ ವಿಳಾಸ ಕೊಟ್ಟು ಒಳಹೋಗಬೇಕಾಗುತ್ತದೆ. ಕೊನೆಯಲ್ಲಿ ಮೊದಲ ರೂಟರ್‌ನಿಂದ ಬರುವ ಕೇಬಲನ್ನು ಹೊಸ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಹಾಕಿ, ಇಂಟರ್‌ನೆಟ್ ಕಡೆಯ ವ್ಯಾನ್ ಪೋರ್ಟ್‌ಗೆ ಅಲ್ಲ. ರೂಟರ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಎಂಬ ಆಯ್ಕೆ ಇದ್ದರೆ ಈ ಇಡೀ ಕೆಲಸವನ್ನು ಅದೇ ಮಾಡುತ್ತದೆ, ಅದನ್ನೇ ಬಳಸುವುದು ಮೇಲು. ಆ ಮೋಡ್‌ನಲ್ಲಿ ಕೇಬಲ್ ಯಾವ ಪೋರ್ಟ್‌ಗೆ ಎಂಬುದನ್ನು ಮಾತ್ರ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಮರೆತುಹೋಗುವ ಇತರ ಸರ್ವರ್‌ಗಳೂ ಇವೆ: ಇಂಟರ್‌ನೆಟ್ ಸಂಪರ್ಕ ಕೊಟ್ಟವರು ಇಟ್ಟುಹೋದ ಮೋಡೆಮ್, ಇಂಟರ್‌ನೆಟ್ ಹಂಚಿಕೆ ಚಾಲೂ ಮಾಡಿಟ್ಟ ಲ್ಯಾಪ್‌ಟಾಪ್, ಜಾಲಕ್ಕೆ ನೇರವಾಗಿ ಸೇರಿಸಿದ (ಬ್ರಿಡ್ಜ್ ಮಾಡಿದ) ವರ್ಚುವಲ್ ಯಂತ್ರದಲ್ಲಿ, ಅಂದರೆ ಕಂಪ್ಯೂಟರ್‌ನೊಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ನಲ್ಲಿ, ಓಡುತ್ತಿರುವ ಪ್ರಯೋಗದ ಸರ್ವರ್.

ಹಂತ 4: ಸರ್ವರ್‌ನಲ್ಲಿ ಮೌಲ್ಯಗಳನ್ನು ತುಂಬಿ

ಆಡಳಿತ ಪುಟದಲ್ಲಿ ಪೂಲ್‌ನ ಆರಂಭ ಮತ್ತು ಅಂತ್ಯ, ಸಬ್‌ನೆಟ್ ಮಾಸ್ಕ್, ಗೇಟ್‌ವೇ (ಜಾಲದಿಂದ ಹೊರಹೋಗುವ ಬಾಗಿಲು, ಸಾಮಾನ್ಯವಾಗಿ ರೂಟರ್), ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ), ಲೀಸ್ ಅವಧಿ (ವಿಳಾಸ ಎಷ್ಟು ಹೊತ್ತು ಸಾಧನದ ಬಳಿ ಇರಬಹುದು ಎಂಬುದು) ಎಂಬ ಖಾನೆಗಳಿರುತ್ತವೆ. ಸಾಧನಕ್ಕೆ ಹೋಗುವ ಸಂದೇಶದಲ್ಲಿ ಇವು ಸಂಖ್ಯೆ ಹಾಕಿದ ಆಯ್ಕೆಗಳಾಗಿ ಇರುತ್ತವೆ: ಮಾಸ್ಕ್ ಆಯ್ಕೆ 1, ಗೇಟ್‌ವೇ ಆಯ್ಕೆ 3, ಡಿಎನ್‌ಎಸ್ ಆಯ್ಕೆ 6, ಲೀಸ್ ಅವಧಿ ಆಯ್ಕೆ 51. ಸರ್ವರ್‌ಗೆ ಮಾತ್ರ ಯಾವಾಗಲೂ ಕೈಯಾರೆ ಕೊಟ್ಟ ಸ್ಥಿರ ವಿಳಾಸವೇ ಇರಬೇಕು.

ಗೇಟ್‌ವೇ ಖಾನೆಯನ್ನು ಖಾಲಿ ಬಿಟ್ಟರೆ ಕೆಲವು ರೂಟರ್‌ಗಳು ತಮ್ಮ ವಿಳಾಸವನ್ನೇ ಕೊಡುತ್ತವೆ, ಬೇರೆ ಸರ್ವರ್ ತಂತ್ರಾಂಶಗಳು ಏನನ್ನೂ ಕೊಡದಿರಬಹುದು. ಆದ್ದರಿಂದ ಊಹೆಗೆ ಬಿಡದೆ ಬರೆದುಬಿಡಿ.

ಹಂತ 5: ಲೀಸ್ ಅವಧಿಯನ್ನು ಜಾಲದ ಸ್ವಭಾವಕ್ಕೆ ತಕ್ಕಂತೆ ಇಡಿ

ಸರ್ವರ್ ವಿಳಾಸವನ್ನು ದಾನ ಕೊಡುವುದಿಲ್ಲ, ಬಾಡಿಗೆ ಮನೆಯಂತೆ ಅವಧಿಗೆ ಕೊಡುತ್ತದೆ. ಸರ್ವರ್ ಬೇರೆ ಹೇಳದಿದ್ದರೆ, ಅವಧಿಯ ಅರ್ಧ ಕಳೆದಾಗ ಸಾಧನವು ತನಗೆ ವಿಳಾಸ ಕೊಟ್ಟ ಸರ್ವರ್‌ಗೇ ನೇರವಾಗಿ ನವೀಕರಣ ಕೇಳುತ್ತದೆ. ಉತ್ತರ ಬರದಿದ್ದರೆ ಶೇಕಡಾ 87.5ರಷ್ಟು ಅವಧಿ ಮುಗಿದಾಗ ಯಾವ ಸರ್ವರ್ ಆದರೂ ಸರಿ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. 24 ಗಂಟೆಯ ಲೀಸ್ ಆದರೆ ಮೊದಲ ಪ್ರಯತ್ನ 12ನೇ ಗಂಟೆಗೆ, ಎರಡನೆಯದು 21ನೇ ಗಂಟೆಗೆ. ಪೂರ್ತಿ ಅವಧಿ ಮುಗಿದೂ ಒಪ್ಪಿಗೆ ಸಿಗದಿದ್ದರೆ ಸಾಧನ ವಿಳಾಸವನ್ನು ಬಿಟ್ಟುಕೊಡಲೇಬೇಕು.

ಇದರಿಂದ ಹೊರಡುವ ಲೆಕ್ಕ ಸರಳ. 100 ವಿಳಾಸಗಳ ಪೂಲ್‌ಗೆ 24 ಗಂಟೆಯ ಲೀಸ್ ಇಟ್ಟು, ದಿನಕ್ಕೆ 150 ಅತಿಥಿಗಳು ಬಂದುಹೋಗುವ ಕಡೆ ವೈಫೈ ಕೊಟ್ಟರೆ, 101ನೆಯವರಿಗೆ ವಿಳಾಸವಿಲ್ಲ; ಮೊದಲು ಬಂದವರು ಎದ್ದು ಹೋಗಿದ್ದರೂ ಅವರ ಹೆಸರಿನಲ್ಲಿ ವಿಳಾಸ ಕೂತೇ ಇರುತ್ತದೆ. ಅಂಥಲ್ಲಿ ಒಂದೆರಡು ಗಂಟೆಯ ಲೀಸ್ ಸಾಕು. ಅದೇ ಸಾಧನಗಳು ದಿನವೂ ಇರುವ ಮನೆಗೆ ಅಥವಾ ಕಚೇರಿಗೆ ಒಂದು ದಿನ ಅಥವಾ ಅದಕ್ಕಿಂತ ಹೆಚ್ಚು ಇಡಬಹುದು. ತೀರಾ ಕಡಿಮೆ, ಉದಾಹರಣೆಗೆ ಐದು ನಿಮಿಷ ಇಡುವುದು ನನಗೆ ಒಪ್ಪಿಗೆಯಿಲ್ಲ. ರೂಟರ್ ಸ್ವಲ್ಪ ಹೊತ್ತು ನಿಂತರೂ ಇಡೀ ಜಾಲ ವಿಳಾಸ ಕಳೆದುಕೊಳ್ಳುತ್ತದೆ.

ಡಿಎನ್‌ಎಸ್ ಅಥವಾ ಗೇಟ್‌ವೇ ಬದಲಿಸುವ ಯೋಜನೆ ಇದ್ದಾಗ ಇನ್ನೊಂದು ಎಚ್ಚರ ಬೇಕು. ಸರ್ವರ್‌ನಲ್ಲಿ ಬದಲಿಸಿದ್ದು ಸಾಧನಗಳಿಗೆ ತಿಳಿಯುವುದು ಅವು ನವೀಕರಣ ಕೇಳಿದಾಗ ಮಾತ್ರ. ಆದ್ದರಿಂದ ಈಗಿನ ಲೀಸ್ ಎಷ್ಟಿದೆಯೋ ಅಷ್ಟು ಸಮಯ ಮುಂಚೆಯೇ ಅವಧಿಯನ್ನು ಒಂದು ಗಂಟೆಗೆ ಇಳಿಸಿ, ನಿಗದಿಯಾದ ದಿನ ಮೌಲ್ಯ ಬದಲಿಸಿ, ಎಲ್ಲ ಸರಿಯಾದ ಮೇಲೆ ಅವಧಿಯನ್ನು ಮೊದಲಿನಂತೆ ಏರಿಸಿ.

ಹಂತ 6: ಬೇಕಾದ ಸಾಧನಗಳಿಗೆ ವಿಳಾಸ ಕಾಯ್ದಿರಿಸಿ

ಪ್ರಿಂಟರ್, ಕ್ಯಾಮೆರಾ, ಕಡತ ಸಂಗ್ರಹದಂಥವಕ್ಕೆ ಯಾವಾಗಲೂ ಅದೇ ವಿಳಾಸ ಬೇಕು. ಅದಕ್ಕೆ ಸಾಧನದಲ್ಲಿ ಕೈಯಾರೆ ಬರೆಯುವುದಕ್ಕಿಂತ, ಸಾಧನದ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಯಂತ್ರಾಂಶದ ಗುರುತು ಸಂಖ್ಯೆಯನ್ನು) ಸರ್ವರ್‌ನಲ್ಲಿ ಒಂದು ಐಪಿ ವಿಳಾಸಕ್ಕೆ ಕಟ್ಟಿಹಾಕುವುದು ಉತ್ತಮ. ಎಲ್ಲ ಲೆಕ್ಕವೂ ಒಂದೇ ಕಡೆ ಇರುತ್ತದೆ. ಕಾಯ್ದಿರಿಸುವ ವಿಳಾಸ ಪೂಲ್‌ನೊಳಗೇ ಇರಬೇಕೆಂದು ಕೆಲವು ರೂಟರ್‌ಗಳು ಹಟ ಹಿಡಿಯುತ್ತವೆ. ನಿಮ್ಮದೂ ಹಾಗಿದ್ದರೆ ಪೂಲನ್ನು 50ರಿಂದಲೇ ಆರಂಭಿಸಿ. ಕಾಯ್ದಿರಿಸಿದ್ದನ್ನು ಸರ್ವರ್ ಬೇರೆಯವರಿಗೆ ಕೊಡುವುದಿಲ್ಲ.

ಕಾಯ್ದಿರಿಸಿದರೂ ಫೋನಿಗೆ ಬೇರೆ ವಿಳಾಸವೇ ಬರುತ್ತಿದ್ದರೆ ಮ್ಯಾಕ್ ವಿಳಾಸದ ಎರಡನೆಯ ಅಕ್ಷರವನ್ನು ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ, ಫೋನು ಖಾಸಗಿತನಕ್ಕಾಗಿ ತಾನೇ ಸೃಷ್ಟಿಸಿಕೊಂಡ ಮ್ಯಾಕ್ ವಿಳಾಸವನ್ನು ಬಳಸುತ್ತಿದೆ ಎಂದರ್ಥ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಇದು ಸಾಮಾನ್ಯ ವರ್ತನೆ. ಆ ಒಂದು ವೈಫೈ ಜಾಲಕ್ಕೆ ಮಾತ್ರ ಫೋನಿನಲ್ಲಿ ಈ ಸೌಲಭ್ಯವನ್ನು ನಿಲ್ಲಿಸಿ, ನಿಜವಾದ ಮ್ಯಾಕ್ ವಿಳಾಸದೊಂದಿಗೆ ಮತ್ತೆ ಕಾಯ್ದಿರಿಸಿ.

ಲಿನಕ್ಸ್ ವರ್ಚುವಲ್ ಯಂತ್ರಗಳನ್ನು ನಕಲು ಮಾಡಿ ಬಳಸುವವರಿಗೆ ಇದರ ತದ್ವಿರುದ್ಧವಾದ ತೊಂದರೆ ಎದುರಾಗುತ್ತದೆ: ಮ್ಯಾಕ್ ವಿಳಾಸ ಬೇರೆ ಬೇರೆಯಾಗಿದ್ದರೂ ಎರಡು ಯಂತ್ರಗಳಿಗೆ ಒಂದೇ ಐಪಿ ಬರುತ್ತದೆ. ಕೆಲವು ಲಿನಕ್ಸ್ ಆವೃತ್ತಿಗಳು ಮ್ಯಾಕ್ ಬದಲಿಗೆ ಯಂತ್ರದ ಗುರುತು ಸಂಖ್ಯೆಯಿಂದ ಹುಟ್ಟಿಸಿದ ಗುರುತನ್ನು ಸರ್ವರ್‌ಗೆ ಕಳುಹಿಸುತ್ತವೆ, ಮತ್ತು ಆ ಸಂಖ್ಯೆ ನಕಲಿನೊಂದಿಗೇ ಬಂದಿರುತ್ತದೆ. ನಕಲು ಯಂತ್ರದಲ್ಲಿ ಅದನ್ನು ಹೊಸದಾಗಿ ಸೃಷ್ಟಿಸಿದರೆ ಸರಿಹೋಗುತ್ತದೆ.

ಹಂತ 7: ಒಂದೇ ಸಾಧನದಲ್ಲಿ ಪರೀಕ್ಷಿಸಿ

ಎಲ್ಲ ಸಾಧನಗಳನ್ನೂ ಒಮ್ಮೆಗೇ ಚಾಲೂ ಮಾಡಬೇಡಿ. ಕೇಬಲ್ ಹಾಕಿದ ಲ್ಯಾಪ್‌ಟಾಪ್ ಒಂದರಲ್ಲಿ ಹಳೆಯ ವಿಳಾಸ ಬಿಟ್ಟು ಹೊಸದನ್ನು ಪಡೆಯಿರಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್‌ಫಿಗ್ ಆದೇಶಕ್ಕೆ ಮೊದಲು ರಿಲೀಸ್, ಆಮೇಲೆ ರಿನ್ಯೂ ಎಂಬ ಸ್ವಿಚ್ (ಆದೇಶದ ಕೊನೆಯಲ್ಲಿ ಓರೆಗೆರೆಯೊಂದಿಗೆ ಬರೆಯುವ ಪದ) ಸೇರಿಸಬೇಕು. ನಂತರ ಅದೇ ಆದೇಶಕ್ಕೆ ಆಲ್ ಎಂಬ ಸ್ವಿಚ್ ಸೇರಿಸಿದರೆ ಪೂರ್ಣ ವಿವರ ಬರುತ್ತದೆ. ಲಿನಕ್ಸ್‌ನಲ್ಲಿ ಎನ್‌ಎಂಸಿಎಲ್‌ಐ ಎಂಬ ಆದೇಶದ ಮೂಲಕ ಸಂಪರ್ಕವನ್ನು ಇಳಿಸಿ ಏರಿಸಿ. ಮ್ಯಾಕ್ ಕಂಪ್ಯೂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲೀಸ್ ನವೀಕರಿಸುವ ಗುಂಡಿಯೇ ಇದೆ.

ಬಂದ ವಿವರದಲ್ಲಿ ‘ಡಿಎಚ್‌ಸಿಪಿ ಸರ್ವರ್’ ಎಂಬ ಸಾಲಿನಿಂದಲೇ ಓದಲು ಆರಂಭಿಸಿ. ಅಲ್ಲಿ ನಿಮ್ಮ ಸರ್ವರ್‌ನ ವಿಳಾಸವೇ ಇದೆಯೇ? ಅದು ಸರಿಯಿದ್ದರೆ ಮಾತ್ರ ಉಳಿದ ಸಾಲುಗಳನ್ನು ನೋಡುವುದರಲ್ಲಿ ಅರ್ಥವಿದೆ. ನಂತರ ವಿಳಾಸ ಪೂಲ್‌ನೊಳಗಿದೆಯೇ, ಗೇಟ್‌ವೇ ಮತ್ತು ಡಿಎನ್‌ಎಸ್ ನೀವು ಬರೆದದ್ದೇ ಆಗಿವೆಯೇ, ಲೀಸ್ ಮುಗಿಯುವ ಸಮಯ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂದು ಪರಿಶೀಲಿಸಿ.

ಹಂತ 8: ಕೆಟ್ಟಾಗ, ಸಿಕ್ಕ ವಿಳಾಸವನ್ನೇ ಮೊದಲು ಓದಿ

ವಿಳಾಸ 169.254ರಿಂದ ಆರಂಭವಾಗುತ್ತಿದ್ದರೆ, ಸಾಧನ ಕೂಗಿದ್ದಕ್ಕೆ ಯಾರೂ ಓಗೊಡಲಿಲ್ಲ, ಅದು ತನಗೆ ತಾನೇ ತಾತ್ಕಾಲಿಕ ವಿಳಾಸ ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಈಗ ದೋಷ ದಾರಿಯಲ್ಲಿದೆಯೋ ಸರ್ವರ್‌ನಲ್ಲಿದೆಯೋ ಎಂದು ಬೇರ್ಪಡಿಸಬೇಕು. ಅದಕ್ಕೊಂದು ಖಚಿತವಾದ ಉಪಾಯವಿದೆ: ಆ ಸಾಧನಕ್ಕೆ ಪೂಲ್‌ನ ಹೊರಗಿನ ಒಂದು ಖಾಲಿ ವಿಳಾಸವನ್ನು, ಉದಾಹರಣೆಗೆ 192.168.1.45ನ್ನು ಕೈಯಾರೆ ಕೊಟ್ಟು ರೂಟರ್‌ಗೆ ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ನೋಡಲು ಸಣ್ಣ ಸಂದೇಶ ಕಳುಹಿಸುವ ಆದೇಶ ಇದು). ಉತ್ತರ ಬಂದರೆ ದಾರಿ ಸರಿಯಿದೆ. ಸರ್ವರ್ ನಿಂತಿದೆಯೇ, ಪೂಲ್ ಖಾಲಿಯಾಗಿದೆಯೇ, ಫೈರ್‌ವಾಲ್ ಪೋರ್ಟ್ 67, 68ನ್ನು ತಡೆಯುತ್ತಿದೆಯೇ ಎಂದು ನೋಡಿ. ಉತ್ತರ ಬರದಿದ್ದರೆ ಡಿಎಚ್‌ಸಿಪಿಯನ್ನು ಮುಟ್ಟಲೇಬೇಡಿ, ದೋಷ ಕೇಬಲ್, ಸ್ವಿಚ್ ಅಥವಾ ವೈಫೈನಲ್ಲಿದೆ. ಪರೀಕ್ಷೆ ಮುಗಿದ ಕೂಡಲೇ ಕೈಯಾರೆ ಕೊಟ್ಟ ವಿಳಾಸವನ್ನು ತೆಗೆದುಹಾಕಿ. ಅದನ್ನು ಮರೆತುಬಿಡುವುದೇ ಮುಂದಿನ ತಿಂಗಳ ದೂರಿಗೆ ಬೀಜ.

ವಿಳಾಸ ಬಂದಿದೆ, ಆದರೆ ಬೇರೆ ಜಾಲದ್ದು, ಉದಾಹರಣೆಗೆ 192.168.0.14 ಎಂದು ಬಂದಿದ್ದರೆ ಎಲ್ಲೋ ಎರಡನೆಯ ಸರ್ವರ್ ಇದೆ. ಡಿಎಚ್‌ಸಿಪಿ ಸರ್ವರ್ ಸಾಲಿನಲ್ಲಿರುವ ವಿಳಾಸವನ್ನು ಬರೆದುಕೊಳ್ಳಿ, ಅದಕ್ಕೊಮ್ಮೆ ಪಿಂಗ್ ಮಾಡಿ, ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿ ವಿಳಾಸ ಯಾವ ಮ್ಯಾಕ್ ವಿಳಾಸದ್ದು ಎಂದು ಕಂಪ್ಯೂಟರ್ ಇಟ್ಟುಕೊಳ್ಳುವ ಪಟ್ಟಿ) ಅದರ ಮ್ಯಾಕ್ ವಿಳಾಸ ಹುಡುಕಿ. ಮ್ಯಾಕ್‌ನ ಮೊದಲ ಅರ್ಧ ಭಾಗ ತಯಾರಕರು ಯಾರೆಂದು ಹೇಳುತ್ತದೆ, ಅದರಿಂದ ಪೆಟ್ಟಿಗೆ ಯಾವುದೆಂದು ಬಹುಪಾಲು ಊಹಿಸಬಹುದು. ಇಷ್ಟರಿಂದಲೂ ಸಿಗದಿದ್ದರೆ ಸ್ವಿಚ್‌ನಿಂದ ಒಂದೊಂದೇ ಕೇಬಲ್ ತೆಗೆದು, ಪ್ರತಿ ಸಲವೂ ಪಿಂಗ್ ನಿಂತಿತೇ ಎಂದು ನೋಡುವುದು ಹಳೆಯದಾದರೂ ಸೋಲದ ವಿಧಾನ.

ವಿಳಾಸ ಸರಿಯಾಗಿಯೇ ಇದ್ದು ಇಂಟರ್‌ನೆಟ್ ಇಲ್ಲವಾದರೆ ಗೇಟ್‌ವೇಗೆ ಪಿಂಗ್ ಮಾಡಿ, ಆಮೇಲೆ ಇಂಟರ್‌ನೆಟ್‌ನಲ್ಲಿರುವ 8.8.8.8ಕ್ಕೆ, ಆಮೇಲೆ ಯಾವುದಾದರೂ ಜಾಲತಾಣದ ಹೆಸರಿಗೆ. ಎರಡನೆಯದು ಉತ್ತರಿಸಿ ಮೂರನೆಯದರ ಹೆಸರೇ ಸಿಗದಿದ್ದರೆ ತಪ್ಪು ಡಿಎನ್‌ಎಸ್‌ನದು.

ವಿಳಾಸ ಕೊನೆಗೂ ಬರುತ್ತದೆ, ಆದರೆ ಕೇಬಲ್ ಹಾಕಿದ ಅರ್ಧ ನಿಮಿಷದ ಮೇಲೆ ಎಂಬ ದೂರು ಇದ್ದರೆ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ (ಕೇಬಲ್‌ಗಳು ಸುತ್ತಿ ಬಂದು ಕುಣಿಕೆಯಾಗದಂತೆ ತಡೆಯುವ ಏರ್ಪಾಡು) ಕಡೆ ನೋಡಿ. ಅದರ ಹಳೆಯ ರೂಪದಲ್ಲಿ ಪೋರ್ಟ್ ತೆರೆದುಕೊಳ್ಳಲು 30 ಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಸಾಧನದ ಮೊದಲ ಕೆಲವು ಡಿಸ್ಕವರ್‌ಗಳು ವ್ಯರ್ಥವಾಗಿರುತ್ತವೆ. ಕಂಪ್ಯೂಟರ್‌ಗಳು ಮಾತ್ರ ಸೇರುವ ಪೋರ್ಟ್‌ಗಳಲ್ಲಿ ಪೋರ್ಟ್‌ಫಾಸ್ಟ್ ಅಥವಾ ಎಡ್ಜ್ ಪೋರ್ಟ್ ಎಂಬ ಆಯ್ಕೆ ಚಾಲೂ ಮಾಡಿದರೆ ಈ ಕಾಯುವಿಕೆ ಇಲ್ಲವಾಗುತ್ತದೆ.

ಇಷ್ಟರಲ್ಲೂ ಬಗೆಹರಿಯದಿದ್ದರೆ ವೈರ್‌ಶಾರ್ಕ್ ತೆರೆದು ಡಿಎಚ್‌ಸಿಪಿ ಸಂದೇಶಗಳನ್ನು ಮಾತ್ರ ಸೋಸಿ ನೋಡಿ. ಡಿಸ್ಕವರ್ ಮಾತ್ರ ಮತ್ತೆ ಮತ್ತೆ ಕಂಡರೆ ಆಫರ್ ಬರುತ್ತಿಲ್ಲ. ಅಕ್ ಬಂದ ಮೇಲೂ ಸಾಧನ ‘ಡಿಕ್ಲೈನ್’ ಕಳುಹಿಸಿದರೆ, ಕೊಟ್ಟ ವಿಳಾಸವನ್ನು ಇನ್ನೊಬ್ಬರು ಬಳಸುತ್ತಿರುವುದು ಅದಕ್ಕೆ ಗೊತ್ತಾಗಿದೆ. ಹಂತ 2ಕ್ಕೆ ಹಿಂದಿರುಗಿ ಕೈಯಾರೆ ಕೊಟ್ಟ ವಿಳಾಸಗಳನ್ನು ಹುಡುಕಿ.

ಹಂತ 9: ಜಾಲ ದೊಡ್ಡದಾದಾಗ ಸೇರಿಸಬೇಕಾದವು

ಜಾಲವನ್ನು ವಿಎಲ್‌ಎಎನ್‌ಗಳಾಗಿ (ಒಂದೇ ಸ್ವಿಚ್‌ನಲ್ಲಿದ್ದರೂ ಪ್ರತ್ಯೇಕವಾಗಿರುವ ಉಪಜಾಲಗಳಾಗಿ) ವಿಭಜಿಸಿದ ಮೇಲೆ ಡಿಸ್ಕವರ್ ಸಂದೇಶ ರೂಟರ್ ದಾಟಿ ಆಚೆಗೆ ಹೋಗುವುದಿಲ್ಲ. ಪ್ರತಿ ವಿಭಾಗದ ಗೇಟ್‌ವೇಯಲ್ಲೂ ರಿಲೇ (ಸಂದೇಶವನ್ನು ಸರ್ವರ್‌ಗೆ ದಾಟಿಸುವ ಸೌಲಭ್ಯ) ಹೊಂದಿಸಿ, ಸರ್ವರ್‌ನ ವಿಳಾಸ ತಿಳಿಸಬೇಕು. ರಿಲೇ ತನ್ನ ವಿಳಾಸವನ್ನು ಸಂದೇಶದಲ್ಲಿ ಸೇರಿಸಿ ಕಳುಹಿಸುತ್ತದೆ, ಅದನ್ನು ನೋಡಿಯೇ ಸರ್ವರ್ ಯಾವ ಪೂಲ್‌ನಿಂದ ಕೊಡಬೇಕೆಂದು ತೀರ್ಮಾನಿಸುತ್ತದೆ. ಆ ವಿಭಾಗಕ್ಕೆ ಪೂಲ್ ಇಲ್ಲದಿರುವುದು, ಅಥವಾ ಸರ್ವರ್‌ನಿಂದ ರಿಲೇಗೆ ಹಿಂದಿರುಗುವ ದಾರಿ ಇಲ್ಲದಿರುವುದು, ಇಲ್ಲಿ ಆಗುವ ಎರಡು ಮುಖ್ಯ ತಪ್ಪುಗಳು.

ಅನಧಿಕೃತ ಸರ್ವರ್‌ಗಳನ್ನು ತಡೆಯಲು ಆಡಳಿತ ಸೌಲಭ್ಯವಿರುವ ಸ್ವಿಚ್‌ಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಇದೆ; ಅದು ವಿಶ್ವಾಸಾರ್ಹವಲ್ಲದ ಪೋರ್ಟ್‌ಗಳಿಂದ ಬರುವ ಸರ್ವರ್ ಸಂದೇಶಗಳನ್ನು ತಡೆಯುತ್ತದೆ. ಸರ್ವರ್ ಇರುವ ಕಡೆಯ ಪೋರ್ಟನ್ನು ವಿಶ್ವಾಸಾರ್ಹ ಎಂದು ಗುರುತಿಸಿದ ಮೇಲೆಯೇ ಅದನ್ನು ಚಾಲೂ ಮಾಡಿ. ಮೊದಲೇ ಚಾಲೂ ಮಾಡಿದರೆ ಸ್ವಿಚ್ ನಿಮ್ಮ ಸ್ವಂತ ಸರ್ವರ್‌ನ ಆಫರ್‌ಗಳನ್ನೂ ಬಿಸಾಡುತ್ತದೆ. ಇದು ಆ ಕ್ಷಣದಲ್ಲಿ ಗೊತ್ತಾಗದಿರಬಹುದು. ಹಳೆಯ ಲೀಸ್ ಇರುವ ಸಾಧನಗಳು ಕೆಲಸ ಮಾಡುತ್ತಲೇ ಇದ್ದು, ಅವಧಿ ಮುಗಿದಂತೆಲ್ಲ ಒಂದೊಂದಾಗಿ ಬೀಳುತ್ತವೆ.

ಐಪಿವಿ6 (ಐಪಿ ವಿಳಾಸಗಳ ಹೊಸ, ಉದ್ದನೆಯ ರೂಪ) ಚಾಲೂ ಇರುವ ಜಾಲದಲ್ಲಿ ಮೇಲಿನ ಯಾವ ಬದಲಾವಣೆಯೂ ಅದಕ್ಕೆ ತಾಗುವುದಿಲ್ಲ. ಅಲ್ಲಿ ರೂಟರ್ ಆಗಾಗ ಸಾರುವ ಪ್ರಕಟಣೆಯನ್ನು ಕೇಳಿ ಸಾಧನವೇ ತನ್ನ ವಿಳಾಸವನ್ನು ಕಟ್ಟಿಕೊಳ್ಳಬಲ್ಲದು. ಡಿಎಚ್‌ಸಿಪಿವಿ6 ಬೇರೆಯದೇ ಸರ್ವರ್, ಅದರ ಪೋರ್ಟ್‌ಗಳು 546 ಮತ್ತು 547. ಆದ್ದರಿಂದ ಎರಡನೆಯ ರೂಟರ್‌ನಲ್ಲಿ ಡಿಎಚ್‌ಸಿಪಿ ನಿಲ್ಲಿಸಿದ ಮೇಲೂ ಸಾಧನಗಳು ಆ ರೂಟರನ್ನೇ ಗೇಟ್‌ವೇ ಎಂದು ಹಿಡಿಯುತ್ತಿದ್ದರೆ, ಅದೇ ರೂಟರ್‌ನ ಐಪಿವಿ6 ಪುಟಕ್ಕೆ ಹೋಗಿ ಲ್ಯಾನ್ ಕಡೆಗಿನ ಪ್ರಕಟಣೆಯನ್ನೂ ನಿಲ್ಲಿಸಿ.